ಪಂಪಾವತಿ ಓದಿದ ಎಂ.ಲಿಬ್.

ನಮ್ಮ ಕಾಲೇಜಿನ ಗ್ರಂಥಪಾಲಕರು ವರ್ಷಕ್ಕೆ ಎರಡು ದಿನ ಕಾಲೇಜಿಗೆ ಬರುತ್ತಿದ್ದರು. ಮೊದಲನೆಯ ದಿನ ಯಾವ ಪುಸ್ತಕ ಎಲ್ಲಿದೆ ಎಂದು ತಿಳಿದುಕೊಳ್ಳಲು, ಎರಡನೆಯ ದಿನ ಅದನ್ನು ಮಾನ್ಯತೆ ಕೊಡಲು ಬಂದ ಸಮಿತಿಯವರಿಗೆ ಒಪ್ಪಿಸಲು. ಅವರ ಹೆಸರು ಅಮರೇಶ್. ಗ್ರಂಥಾಲಯ ವಿಜ್ಞಾನದಲ್ಲಿ ಎಂ.ಲಿಬ್. ಮಾಡಿದ್ದರು, ಅದೂ ಒಳ್ಳೆಯ ಅಂಕಗಳಲ್ಲಿ. ಆದರೆ ಸಿರುಗುಪ್ಪದಲ್ಲಿ ಅವರದು ಅಕ್ಕಿ ಗಿರಣಿ ಇತ್ತು, ಹಚ್ಚೊಳ್ಳಿಯ ಹತ್ತಿರ ನೀರಾವರಿ ಭೂಮಿಯಿತ್ತು. ನಮ್ಮ ಸಂಸ್ಥೆಯ ಕಾರ್ಯದರ್ಶಿ ದೊಡ್ಡಬಸವರಾಜ ಅವರ ತಂಗಿಯ ಅಳಿಯ ಎಂಬುದೇ ಅವರಿಗೂ ಬಳ್ಳಾರಿಯ ನಮ್ಮ ಕಾಲೇಜಿಗೂ ಇದ್ದ ನಂಟು.

ಉಳಿದ ದಿನಗಳಲ್ಲಿ ಗ್ರಂಥಾಲಯವನ್ನು ನಡೆಸುತ್ತಿದ್ದವಳು ಪಂಪಾವತಿ. ದಾಖಲೆಯಲ್ಲಿ ಆಕೆ ಅಟೆಂಡರ್.

ನಾನು ಮರಿಬಸಪ್ಪ, ಅಲ್ಲಿ ಕನ್ನಡ ಅಧ್ಯಾಪಕನಾಗಿದ್ದೆ. ಗ್ರಂಥಾಲಯ ಸಮಿತಿಯ ಸಂಚಾಲಕನೂ ಆಗಿದ್ದೆ. ಸಂಚಾಲಕ ಎಂದರೆ ದೊಡ್ಡ ಕೆಲಸವೇನೂ ಅಲ್ಲ. ಅಮರೇಶ್ ಅವರ ವರ್ಷವಿಡೀ ಖಾಲಿಯಿದ್ದ ಹಾಜರಿ ಪುಸ್ತಕ ಸಮಿತಿ ಬರುವ ವಾರ ತುಂಬಿಕೊಂಡು ನನ್ನ ಮೇಜಿಗೆ ಬರುತ್ತಿತ್ತು, ನಾನು ಹನ್ನೆರಡು ಪುಟಗಳಿಗೆ ಸಹಿ ಹಾಕಿ ಕೊಡುತ್ತಿದ್ದೆ. ಏಳು ವರ್ಷ ಹಾಗೆ ಹಾಕಿದ್ದೇನೆ. ಪಂಪಾವತಿಯ ಕಥೆ ಹೇಳುವವನು ತನ್ನ ಪಾಲನ್ನು ಮೊದಲು ಹೇಳಿಬಿಡಬೇಕು.

ಆಕೆ ಕುರುಗೋಡಿನವಳು. ಡಿಗ್ರಿ ಅರ್ಧಕ್ಕೆ ನಿಂತು ಮದುವೆಯಾದ ಮೇಲೆ ಪುಸ್ತಕಗಳ ಧೂಳು ಒರೆಸುವ ಕೆಲಸಕ್ಕೆ ಬಂದಳು. ಆಗ ನಮ್ಮಲ್ಲಿ ನಿಜವಾದ ಗ್ರಂಥಪಾಲಕರೊಬ್ಬರಿದ್ದರು, ಹಾಲಸಿದ್ದಪ್ಪನವರು. ಈ ಹೆಣ್ಣುಮಗಳು ಧೂಳು ಒರೆಸುತ್ತಾ ಪುಸ್ತಕದ ಬೆನ್ನ ಮೇಲಿನ ಸಂಖ್ಯೆಗಳನ್ನು ಓದುವುದನ್ನು ಅವರು ಗಮನಿಸಿದರು. ಒಂದು ಪುಸ್ತಕ ಅರ್ಥಶಾಸ್ತ್ರಕ್ಕೇಕೆ ಹೋಗುತ್ತದೆ, ಸಮಾಜಶಾಸ್ತ್ರಕ್ಕೇಕೆ ಹೋಗುವುದಿಲ್ಲ ಎಂದು ಹೇಳಿಕೊಟ್ಟರು. ಅವರ ಒತ್ತಾಯಕ್ಕೇ ಆಕೆ ದೂರಶಿಕ್ಷಣದಲ್ಲಿ ಬಿ.ಎ. ಮುಗಿಸಿದಳು. ಅವರು ನಿವೃತ್ತರಾದ ಮೇಲೆ ಕುರ್ಚಿ ಖಾಲಿಯಾಯಿತು. ಕಾಗದದ ಮೇಲೆ ಅಮರೇಶ್ ಬಂದರು, ಕೆಲಸದ ಮೇಲೆ ಪಂಪಾವತಿ.

ಆಕೆ ಏನು ಮಾಡುತ್ತಿದ್ದಳು ಎನ್ನುವುದಕ್ಕೆ ಒಂದೆರಡು ಮಾತು ಸಾಕು. ಹಳೆಯ ಪ್ರಶ್ನೆಪತ್ರಿಕೆಗಳನ್ನು ವಿಷಯವಾರು ಹೊಲಿಸಿ ಇಟ್ಟಿದ್ದಳು. ಸರ್ಕಾರಿ ನೇಮಕಾತಿಯ ಪ್ರಕಟಣೆ ಯಾವ ಪತ್ರಿಕೆಯಲ್ಲಿ ಬಂದರೂ ಕತ್ತರಿಸಿ ಬಾಗಿಲ ಪಕ್ಕದ ಹಲಗೆಗೆ ಹಚ್ಚುತ್ತಿದ್ದಳು. ಆ ಹಲಗೆ ನೋಡಿ ಅರ್ಜಿ ಹಾಕಿ ಪೊಲೀಸರಾದವರು, ಪಂಚಾಯತಿ ಕಾರ್ಯದರ್ಶಿಗಳಾದವರು ಇದ್ದಾರೆ. ಶನಿವಾರ ಹಾಸ್ಟೆಲಿನಿಂದ ಊರಿಗೆ ಹೊರಡುವ ಹುಡುಗಿಯರಿಗೆ ಬಸ್ಸು ತಪ್ಪಬಾರದೆಂದು ಅವರ ಪುಸ್ತಕಗಳನ್ನು ಮೊದಲೇ ತೆಗೆದಿಟ್ಟಿರುತ್ತಿದ್ದಳು. ಹುಡುಗರು ಆಕೆಯನ್ನು ಪಂಪಕ್ಕ ಎನ್ನುತ್ತಿದ್ದರು. ಅಮರೇಶ್ ಕೂಡ ಹಾಗೆಯೇ ಕರೆಯುತ್ತಿದ್ದರು. ಬಂದ ಮೊದಲನೆಯ ದಿನ ಆಕೆಯ ಹಿಂದೆ ನೋಟ್‌ಬುಕ್ ಹಿಡಿದುಕೊಂಡು, ಪರೀಕ್ಷೆಗೆ ಹೊರಟವರಂತೆ ಬರೆದುಕೊಳ್ಳುತ್ತಾ ತಿರುಗುತ್ತಿದ್ದರು. ಕೆಟ್ಟ ಮನುಷ್ಯರಲ್ಲ. ಹೆಂಡತಿಯ ಸೋದರಮಾವನ ಮಾತಿಗೆ ಇಲ್ಲವೆನ್ನಲಾರದವರು.

ನಾಲ್ಕು ವರ್ಷದ ಹಿಂದಿನ ಮಾತು. ಸಮಿತಿ ಬಂದಿತ್ತು. ಅದರಲ್ಲಿದ್ದ ಒಬ್ಬರು, ಕಳೆದ ವರ್ಷ ಎಷ್ಟು ಹಳೆಯ ಪುಸ್ತಕಗಳನ್ನು ದಾಖಲೆಯಿಂದ ತೆಗೆದುಹಾಕಿದ್ದೀರಿ, ಯಾವ ಆಧಾರದ ಮೇಲೆ ಎಂದು ಅಮರೇಶ್ ಅವರನ್ನು ಕೇಳಿದರು. ಅದು ಅವರ ನೋಟ್‌ಬುಕ್ಕಿನಲ್ಲಿ ಇರಲಿಲ್ಲ. ಆದರೂ ಹಾಳೆ ಮಗುಚಿದರು. ಹಿಂದೆ ಕಪಾಟಿನ ಹತ್ತಿರ ನಿಂತಿದ್ದ ಪಂಪಾವತಿ ತಡೆಯಲಾರದೆ ಉತ್ತರ ಹೇಳಿಬಿಟ್ಟಳು, ಸಂಖ್ಯೆ ಸಮೇತ. ಬಂದವರು ಹುಬ್ಬೇರಿಸಿ, ಇವರು ಯಾರು ಎಂದರು. ದೊಡ್ಡಬಸವರಾಜ ನಗುತ್ತಾ, "ಅಟೆಂಡರ್ ರೀ, ಹಳಬಳು, ಬಾಯಿ ಸ್ವಲ್ಪ ಜಾಸ್ತಿ" ಅಂದರು. ಆಮೇಲೆ ಆಕೆಯನ್ನು ಹೊರಗೆ ಕರೆದು, ಇನ್ನು ಮುಂದೆ ಸಮಿತಿ ಬಂದಾಗ ಒಳಗೆ ನಿಲ್ಲಬೇಡ, ಚಹಾ ತಂದುಕೊಟ್ಟು ಹೋಗು ಎಂದು ಹೇಳಿದರು. ಆಕೆ ಚಹಾ ತಂದಳು. ನಾನೂ ಒಂದು ಕಪ್ಪು ಎತ್ತಿಕೊಂಡೆ.

ಮಾರನೆಯ ದಿನ ನನ್ನ ಕೋಣೆಗೆ ಬಂದು, "ಸರ್, ಎಂ.ಲಿಬ್. ಮಾಡಾಕ ನನ್ ಕಡಿಂದ ಆಗ್ತೈತೇನ್ರಿ?" ಎಂದು ಕೇಳಿದಳು.

ನಾನು ಈ ವಯಸ್ಸಿನಲ್ಲಿ ಯಾಕಮ್ಮ ಎಂದೆ. ಆಗ ಆಕೆಗೆ ನಲವತ್ತು. ನಲವತ್ತನೆಯ ವಯಸ್ಸಿನಲ್ಲಿ ಪಿಎಚ್.ಡಿ. ಮುಗಿಸಿ, ಸಹೋದ್ಯೋಗಿಗಳಿಂದ ಹಾರ ಹಾಕಿಸಿಕೊಂಡವನು ನಾನು. ಈ ಮಾತು ಆಡುವಾಗ ಅದು ನೆನಪಾಗಲಿಲ್ಲ.

ಆಕೆ ಸುಮ್ಮನಾಗಲಿಲ್ಲ, ಒಬ್ಬಳೇ ವಿಚಾರಿಸತೊಡಗಿದಳು. ತರಗತಿಗೆ ಹೋಗಿ ಓದಬೇಕೆಂದರೆ ಎರಡು ವರ್ಷ ಕೆಲಸ ಬಿಡಬೇಕು. ಗಂಡ ಹುಲುಗೇಶ ಬಳ್ಳಾರಿಯ ಒಂದು ಜೀನ್ಸ್ ಕಾರ್ಖಾನೆಯಲ್ಲಿ ಕಟಿಂಗ್ ಮಾಸ್ತರ. ಮಗಳು ನಂದಿನಿ ಆಗ ಪಿಯುಸಿಯಲ್ಲಿದ್ದಳು. ಒಬ್ಬರ ದುಡಿಮೆಯಲ್ಲಿ ನಡೆಯುವ ಮನೆಯಲ್ಲ. ಉಳಿದದ್ದು ಆನ್‌ಲೈನ್. ಯಾರೋ ಹೇಳಿದರೆಂದು ಪೇಟೆಯಲ್ಲಿ ಮಹಡಿಯ ಮೇಲಿನ ಒಂದು ಕಚೇರಿಗೆ ಹೋದಳು. ಅಲ್ಲಿದ್ದವನು ಫಾರಂ ತುಂಬುವ ಮೊದಲೇ, ಯಾವ ವರ್ಷ ಪಾಸಾದಂತೆ ಬೇಕು ಎಂದು ಕೇಳಿದನಂತೆ. ಪರೀಕ್ಷೆ ಬರೆಯುವುದೇ ಬೇಡ, ಎಲ್ಲ ನಾವೇ ನೋಡಿಕೊಳ್ಳುತ್ತೇವೆ ಎಂದನಂತೆ. ಇದನ್ನು ನನಗೆ ಬಂದು ಹೇಳಿದಳು. "ಓದದವ್ರಿಗೆ ಮಾರಾಕ ಇಟ್ಟಾರ ಸರ್. ನಾನು ಓದ್ತೀನಿ ಅಂದ್ರ ಅಂವ ನಕ್ಕ."

ಆಮೇಲೆ ತಾನೇ ಫೋನಿನಲ್ಲಿ ಹುಡುಕಿದಳು. ಯಾವ ವಿಶ್ವವಿದ್ಯಾಲಯಕ್ಕೆ ಆನ್‌ಲೈನ್ ಪದವಿ ಕೊಡುವ ಅಧಿಕಾರವಿದೆ, ಯಾವುದಕ್ಕಿಲ್ಲ ಎಂಬ ಸರ್ಕಾರದ ಪಟ್ಟಿಯನ್ನು ತೆಗೆದು ಮುದ್ರಿಸಿಕೊಂಡಳು. ಮಾನ್ಯತೆಯುಳ್ಳ ಸಂಸ್ಥೆಯಿಂದ ಪಡೆದ ಆನ್‌ಲೈನ್ ಪದವಿ ತರಗತಿಯಲ್ಲಿ ಕೂತು ಪಡೆದ ಪದವಿಗೆ ಸಮಾನ ಎಂಬ ಆದೇಶವನ್ನೂ ತೆಗೆದಳು. ಪಟ್ಟಿಯಲ್ಲಿದ್ದ ಹೊರರಾಜ್ಯದ ಒಂದು ವಿಶ್ವವಿದ್ಯಾಲಯದ ಕೋರ್ಸು ಆಕೆಗೆ ಹೊಂದುತ್ತಿತ್ತು. ಹುಲುಗೇಶ ಬೇಡ ಎನ್ನಲಿಲ್ಲ. ಒಂದೇ ಒಂದು ಮಾತು ಕೇಳಿದನಂತೆ, ಓದಿದ ಮೇಲೆ ಹುದ್ದೆ ಕೊಡುತ್ತೇವೆಂದು ಅವರು ಬರೆದುಕೊಟ್ಟಿದ್ದಾರೇನು ಎಂದು.

ಅದಕ್ಕಾಗಿಯೇ ಆಕೆ ಕಾರ್ಯದರ್ಶಿಯ ಬಳಿಗೆ ಹೋದಳು. ಜೊತೆಗೆ ನನ್ನನ್ನು ಕರೆದೊಯ್ದಳು. ದೊಡ್ಡಬಸವರಾಜ ಅಂದು ಒಳ್ಳೆಯ ಲಹರಿಯಲ್ಲಿದ್ದರು. ಎಂ.ಲಿಬ್. ಇಲ್ಲದವರನ್ನು ಗ್ರಂಥಪಾಲಕರು ಎಂದು ತೋರಿಸಲು ಬರುವುದಿಲ್ಲ, ಅದೊಂದೇ ಅಡ್ಡಿ, ಇಲ್ಲದಿದ್ದರೆ ನಿನಗಿಂತ ಬೇರೆ ಯಾರು ಎಂದರು. "ಓದಮ್ಮ. ಎಂ.ಲಿಬ್. ತಗೊಂಡು ಬಾ, ಕುರ್ಚಿ ಎಲ್ಲಿ ಹೋಗ್ತೈತಿ?" ಎಂದರು. ಬರವಣಿಗೆಯಲ್ಲಿ ಕೊಡಿ ಎಂದು ಕೇಳಲು ಆಕೆಗೆ ಸಂಕೋಚವಾಯಿತು. ಕೇಳಬೇಕಾಗಿದ್ದವನು ನಾನು. ನನಗೂ ಸಂಕೋಚವಾಯಿತು.

ಎರಡು ವರ್ಷ ಆಕೆ ಓದಿದ್ದು ಕುರುಗೋಡು ಬಳ್ಳಾರಿ ಬಸ್ಸಿನಲ್ಲಿ. ಹೆಂಗಸರಿಗೆ ಟಿಕೆಟ್ ಇಲ್ಲದಂತಾದ ಮೇಲೆ ಬಸ್ಸುಗಳಲ್ಲಿ ಕೂರಲು ಜಾಗ ಸಿಗುವುದು ಅಪರೂಪ. ಒಂದು ಕೈಯಲ್ಲಿ ಕಂಬಿ, ಕಿವಿಯಲ್ಲಿ ಇಯರ್‌ಫೋನು. ಪಾಠ ಇಂಗ್ಲಿಷಿನಲ್ಲಿ, ಮೇಷ್ಟ್ರು ರೈಲಿನ ವೇಗದಲ್ಲಿ ಮಾತಾಡುತ್ತಿದ್ದರು. ಮೊದಮೊದಲು ಹತ್ತಕ್ಕೆ ಎರಡು ವಾಕ್ಯ ಅರ್ಥವಾದರೆ ಹೆಚ್ಚು. ಅದೇ ಪಾಠವನ್ನು ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ಕೇಳಿ, ತಿಳಿಯದ ಪದಗಳನ್ನು ಮನೆಯಲ್ಲಿ ನಂದಿನಿಯ ಜೊತೆ ಕೂತು ಬಿಡಿಸಿಕೊಳ್ಳುತ್ತಿದ್ದಳು. ಗ್ರಂಥಾಲಯದ ಕಂಪ್ಯೂಟರಿನಲ್ಲಿ ಮಧ್ಯಾಹ್ನ ಊಟದ ಬಿಡುವಿನಲ್ಲಿ ಒಂದು ಅಸೈನ್‌ಮೆಂಟ್ ಬರೆಯುತ್ತಿದ್ದುದನ್ನು ಯಾರೋ ಕಾರ್ಯದರ್ಶಿಗೆ ಹೇಳಿದರು. ಸಂಸ್ಥೆಯ ಕಂಪ್ಯೂಟರ್ ಸ್ವಂತಕ್ಕೆ ಬಳಸಬಾರದೆಂದು ನೋಟಿಸು ಬಂತು. ಅದೇ ಕಂಪ್ಯೂಟರಿನಲ್ಲಿ ದೊಡ್ಡಬಸವರಾಜರ ಮಗನ ಮದುವೆಯ ಆಮಂತ್ರಣದ ಎರಡು ಸಾವಿರ ವಿಳಾಸಗಳನ್ನು ಟೈಪ್ ಮಾಡಿದವಳು ಆಕೆಯೇ.

ಪರೀಕ್ಷೆಯೂ ಆನ್‌ಲೈನ್. ಕ್ಯಾಮೆರಾ ಮುಂದೆ ಮೂರು ಗಂಟೆ ಒಬ್ಬರೇ ಕೂರಬೇಕು, ಬೇರೆ ದನಿ ಕೇಳಬಾರದು. ಕುರುಗೋಡಿನ ಮನೆ ರಸ್ತೆಗೇ ತೆರೆದುಕೊಂಡಿತ್ತು, ಕರೆಂಟೂ ನಂಬುವಂತಿರಲಿಲ್ಲ. ಹುಲುಗೇಶ ತನ್ನ ಮಾಲೀಕರನ್ನು ಕೇಳಿ ರಜೆಯ ದಿನ ಕಾರ್ಖಾನೆಯ ಬೀಗ ತೆರೆಸಿದ. ಅಲ್ಲಿ ಜನರೇಟರ್ ಇತ್ತು. ಬಟ್ಟೆ ಕತ್ತರಿಸುವ ಉದ್ದನೆಯ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು, ನೀಲಿ ಥಾನುಗಳ ನಡುವೆ ಕೂತು ಆಕೆ ಬರೆದಳು. ಅರ್ಧ ಗಂಟೆಯಾಗಿತ್ತಷ್ಟೇ, ಕೋಣೆಯಲ್ಲಿ ಇನ್ನೊಬ್ಬರಿದ್ದಾರೆ ಎಂಬ ಎಚ್ಚರಿಕೆ ಪರದೆಯ ಮೇಲೆ ಬಂತು. ಹಿಂದೆ ಜೀನ್ಸ್ ತೊಡಿಸಿ ನಿಲ್ಲಿಸಿದ್ದ ಗೊಂಬೆಯೊಂದಿತ್ತು. ಎದ್ದು ಹೋಗಿ ಅದನ್ನು ಮಲಗಿಸುವಂತಿಲ್ಲ, ಎದ್ದರೆ ಪರೀಕ್ಷೆ ರದ್ದು. ಕೊನೆಗೆ ಲ್ಯಾಪ್‌ಟಾಪನ್ನೇ ನಿಧಾನಕ್ಕೆ ತಿರುಗಿಸಿ ಗೋಡೆಗೆ ಬೆನ್ನು ಮಾಡಿ ಕೂತಳಂತೆ. ಇದನ್ನು ಹೇಳುವಾಗ ಮಾತ್ರ ಆಕೆ ನಕ್ಕಿದ್ದು ನನಗೆ ನೆನಪಿದೆ.

ಆಕೆ ಪ್ರಥಮ ದರ್ಜೆಯಲ್ಲಿ ಪಾಸಾದಳು. ಅಂಕಪಟ್ಟಿ, ಪದವಿ ಪತ್ರ, ಸರ್ಕಾರದ ಆದೇಶದ ಪ್ರತಿ ಎಲ್ಲವನ್ನೂ ಒಂದು ಫೈಲಿನಲ್ಲಿ ಜೋಡಿಸಿ ಅರ್ಜಿ ಕೊಟ್ಟಳು. ದೊಡ್ಡಬಸವರಾಜ ಫೈಲನ್ನು ತೆರೆದು, ಮೊದಲ ಹಾಳೆ ನೋಡಿ, ಮುಚ್ಚಿದರು.

"ಇದು ಆನ್‌ಲೈನ್ ಐತಲ್ಲಮ್ಮ. ಫೋನಿನ್ಯಾಗ ಓದಿದ್ದು ಓದೇನು? ನಮ್ಮ ಸಂಸ್ಥೆಗೆ ಒಂದು ಮರ್ಯಾದಿ ಐತಿ."

ನಾನು ಅಲ್ಲೇ ಇದ್ದೆ. ಅಂದು ನೀವು ಹೇಳಿದ್ದಿರಲ್ಲ ಎಂದು ಮೆಲ್ಲಗೆ ಅಂದೆ. ಎಂ.ಲಿಬ್. ತಗೊಂಡು ಬಾ ಅಂದಿದ್ದೆ, ಇದನ್ನು ತಗೊಂಡು ಬಾ ಅಂದಿರಲಿಲ್ಲ ಎಂದರು. ಪಂಪಾವತಿ ಆದೇಶದ ಪ್ರತಿಯನ್ನು ಮುಂದಿಟ್ಟಳು. ಅವರು ಅದನ್ನು ಓದಲಿಲ್ಲ.

ಒಂದು ವಾರವೂ ಕಳೆದಿರಲಿಲ್ಲ. ಕಾಲೇಜಿನ ಗೇಟಿಗೆ ಹೊಸ ಬ್ಯಾನರು ಬಿತ್ತು. ಯಾವುದೋ ವಿಶ್ವವಿದ್ಯಾಲಯದ ಜೊತೆ ನಮ್ಮ ಆಡಳಿತ ಮಂಡಳಿ ಒಪ್ಪಂದ ಮಾಡಿಕೊಂಡಿತ್ತು. ಮನೆಯಲ್ಲೇ ಕುಳಿತು ಎಂ.ಎ., ಎಂ.ಕಾಂ., ಎಂ.ಬಿ.ಎ. ಪಡೆಯಿರಿ, ಆನ್‌ಲೈನ್ ಪ್ರವೇಶ ಆರಂಭ ಎಂದು ದಪ್ಪಕ್ಷರದಲ್ಲಿತ್ತು. ಕೆಳಗೆ ಕೆಂಪಿನಲ್ಲಿ, "ಎಲ್ಲ ಉದ್ಯೋಗ ಹಾಗೂ ಬಡ್ತಿಗೆ ಮಾನ್ಯ". ಮೂಲೆಯಲ್ಲಿ ದೊಡ್ಡಬಸವರಾಜರ ಕೈಮುಗಿದ ಭಾವಚಿತ್ರ.

ಪಂಪಾವತಿ ಅದರ ಮುಂದೆ ನಿಂತು ಮೇಲಿನಿಂದ ಕೆಳಗಿನವರೆಗೆ ಓದಿದಳು. ನೆಟ್ಟಗೆ ಕಾರ್ಯದರ್ಶಿಯ ಕೋಣೆಗೆ ನಡೆದಳು. ಏನಾಗುವುದೋ ಎಂದು ನಾನೂ ಹಿಂದೆ ಹೋದೆ. ಆಕೆ ದನಿ ಏರಿಸಲಿಲ್ಲ.

"ಸಾಹೇಬ್ರ, ಗೇಟಿಗೆ ಹಾಕಿದ್ದು ಖರೇನೋ ಸುಳ್ಳೋ? ಖರೇ ಇದ್ರ ನನ್ನ ಅರ್ಜಿ ಮ್ಯಾಲೆ ಬರದುಕೊಡ್ರಿ. ಸುಳ್ಳಿದ್ರ ಇಳಸ್ರಿ."

ಅವರಿಗೆ ನಾಚಿಕೆಯಾಗಬಹುದೆಂದು ನಾನು ಎಣಿಸಿದ್ದೆ. ಅವರು ಮಗುವಿಗೆ ಬುದ್ಧಿ ಹೇಳುವಂತೆ, "ಅದು ವ್ಯಾಪಾರಮ್ಮ, ಇದು ಸಂಸ್ಥೆ" ಎಂದರು.

ಇವತ್ತಿಗೂ ಆ ಮಾತು ನೆನಪಾದರೆ ನನಗೆ ಮೈ ಉರಿಯುತ್ತದೆ. ಬೇರೆಯವರ ಮಕ್ಕಳಿಗೆ ಹಣ ತೆಗೆದುಕೊಂಡು ಕೊಡುವಾಗ ಅದು ಪದವಿ. ತಮ್ಮ ಕಪಾಟುಗಳ ಮುಂದೆ ಹದಿನೆಂಟು ವರ್ಷ ನಿಂತವಳು, ಬಸ್ಸಿನ ಕಂಬಿ ಹಿಡಿದು ಓದಿ ತಂದರೆ ಅದು ಫೋನಿನಲ್ಲಿ ಓದಿದ್ದು. ಅಮರೇಶ್ ತರಗತಿಯಲ್ಲಿ ಕೂತು ಓದಿದವರು, ಸರಿ. ಆದರೆ ಆ ಓದಿನಿಂದ ನಮ್ಮ ಒಬ್ಬ ವಿದ್ಯಾರ್ಥಿಗೂ ಒಂದು ಪುಸ್ತಕ ಸಿಕ್ಕಿರಲಿಲ್ಲ.

ಎರಡು ತಿಂಗಳಲ್ಲಿ ಮತ್ತೆ ಸಮಿತಿ ಬರುವುದೆಂದು ಪತ್ರ ಬಂತು. ಅಮರೇಶ್ ಅವರಿಗೆ ಗ್ರಂಥಾಲಯ ತೋರಿಸಿಕೊಡಬೇಕೆಂದು ಕಾರ್ಯದರ್ಶಿ ಪಂಪಾವತಿಗೆ ಹೇಳಿಕಳಿಸಿದರು. ಆಕೆ ಆಗುವುದಿಲ್ಲವೆಂದಳು. ಬರವಣಿಗೆಯಲ್ಲಿ ಆದೇಶ ಕೊಟ್ಟರೆ ಮಾಡುತ್ತೇನೆ, ಅದರಲ್ಲಿ ಯಾರಿಗೆ ಏತಕ್ಕೆ ತೋರಿಸಬೇಕು ಎಂದು ಬರೆದಿರಬೇಕು ಎಂದಳು. ಅಂಥ ಆದೇಶ ಯಾರು ಕೊಡುತ್ತಾರೆ? ಹಾಜರಿ ಪುಸ್ತಕ ಮಾತ್ರ ಎಂದಿನಂತೆ ನನ್ನ ಮೇಜಿಗೆ ಬಂತು. ನಾನು ಎಂದಿನಂತೆ ಪೆನ್ನು ತೆಗೆದೆ. ಬಾಗಿಲಲ್ಲಿ ಪಂಪಾವತಿ ನಿಂತಿದ್ದಳು.

"ಸರ್, ಅವರು ರೊಕ್ಕದ ಮಂದಿ, ಬಿಡ್ರಿ. ನೀವು ಪಾಠ ಹೇಳೋರು. ಆ ಅಮರೇಶ್ ಸಮಿತಿ ಬರೋ ಎರಡು ದಿನ ಬಿಟ್ರ ಒಂದು ದಿನಾನಾದ್ರೂ ಬಂದಿದ್ದು ನೋಡೀರೇನು?"

ನಾನು ಹಾಜರಿ ಪುಸ್ತಕ ಮುಚ್ಚಿದೆ. ಆಕೆ ಹೋದ ಮೇಲೆ ಸಹಿ ಹಾಕಿದೆ. ಇಷ್ಟೆಲ್ಲ ಸಿಟ್ಟಿನ ಮಾತು ಬರೆಯುತ್ತಿರುವ ನಾನೇ ಹಾಕಿದೆ.

ಸಮಿತಿಯಲ್ಲಿ ಈ ಸಲ ಸುನಂದಾ ಎಂಬ ಹಿರಿಯ ಪ್ರಾಧ್ಯಾಪಕಿ ಇದ್ದರು. ಗ್ರಂಥಾಲಯಕ್ಕೆ ಬಂದವರೇ, ಹೊಸದಾಗಿ ಬಂದ ಪುಸ್ತಕಗಳನ್ನು ದಾಖಲಿಸುವ ರಿಜಿಸ್ಟರ್ ತೆರೆದು, ಇದರಲ್ಲಿರುವ ಕೈಬರಹ ಯಾರದು ಎಂದು ಕೇಳಿದರು. ಅಮರೇಶ್ ನನ್ನದೇ ಎಂದರು. ಹಾಗಾದರೆ ಒಂದು ಪುಸ್ತಕ ದಾಖಲಿಸಿ ತೋರಿಸಿ ಎಂದು ಅವರು ರಿಜಿಸ್ಟರನ್ನು ಮುಂದೆ ಸರಿಸಿದರು. ಅಮರೇಶ್ ಪೆನ್ನು ಹಿಡಿದರು. ಪಂಪಾವತಿಯ ಕಡೆ ನೋಡಿದರು. ಹೊರಗೆ ಹೋಗಬೇಕೆಂದು ಹೇಳಿದ್ದರೂ ಆಕೆ ಅಂದು ತನ್ನ ಜಾಗದಲ್ಲೇ ನಿಂತಿದ್ದಳು, ತುಟಿ ಬಿಚ್ಚಲಿಲ್ಲ. ಆಮೇಲೆ ಅಮರೇಶ್ ಪೆನ್ನು ಕೆಳಗಿಟ್ಟರು.

"ಮೇಡಮ್, ಬರಹ ಅವರದು. ಈ ಲೈಬ್ರರಿ ನಡಸೋರೂ ಅವರ. ನಂದು ಸಿರುಗುಪ್ಪದಾಗ ಅಕ್ಕಿ ಗಿರಣಿ ಐತ್ರಿ."

ದೊಡ್ಡಬಸವರಾಜರ ಮುಖ ಕಪ್ಪಿಟ್ಟಿತು. ಸುನಂದಾ ಅವರು ಪಂಪಾವತಿಯನ್ನು ಹತ್ತಿರ ಕರೆದು, ಓದಿನ ಬಗ್ಗೆ ಕೇಳಿ, ಎಲ್ಲವನ್ನೂ ಬರೆದುಕೊಂಡರು. ಇನ್ನು ಅನ್ಯಾಯ ಮುಗಿಯಿತೆಂದು ನಾನು ನಂಬಿದೆ. ಆಮೇಲೆ ಸಮಿತಿಯವರನ್ನು ಹೋಟೆಲಿಗೆ ಊಟಕ್ಕೆ ಕರೆದೊಯ್ದರು. ಶಾಲು, ಹಾರ, ಹಣ್ಣಿನ ಬುಟ್ಟಿ ಆದವು. ತಿಂಗಳೊಪ್ಪತ್ತಿನಲ್ಲಿ ವರದಿ ಬಂತು. "ಅರ್ಹ, ಪೂರ್ಣಾವಧಿ ಗ್ರಂಥಪಾಲಕರು ಸೇವೆಯಲ್ಲಿದ್ದಾರೆ" ಎಂದು ಅದರಲ್ಲಿತ್ತು. ಕೆಳಗೆ ಮೂರು ಸಹಿಗಳು, ಅದರಲ್ಲಿ ಸುನಂದಾ ಅವರದೂ ಒಂದು. ಬರೆದುಕೊಂಡದ್ದನ್ನು ಅವರು ಏನು ಮಾಡಿದರೋ ನನಗೆ ಗೊತ್ತಿಲ್ಲ.

ಪಂಪಾವತಿಗೆ ಬಂದದ್ದು ನೋಟಿಸು. ಸಮಿತಿಯ ಮುಂದೆ ಸಂಸ್ಥೆಯ ಘನತೆಗೆ ಧಕ್ಕೆ ತಂದಿದ್ದಾಳೆ ಎಂದು. ಆಕೆ ಆಡಿರದ ಮಾತಿಗೆ ಆಕೆಯೇ ತಪ್ಪೊಪ್ಪಿಗೆ ಬರೆದುಕೊಡಬೇಕಿತ್ತು, ಅದಕ್ಕೆ ಸಾಕ್ಷಿಯಾಗಿ ನಾನು ರುಜು ಮಾಡಬೇಕಿತ್ತು. ಆಕೆ ಬರೆಯಲಿಲ್ಲ. ನಾನೂ ಅಂದು ಮೊದಲ ಸಲ ಆಗುವುದಿಲ್ಲವೆಂದೆ. ಅದನ್ನು ಧೈರ್ಯವೆಂದು ಯಾರೂ ತಿಳಿಯಬಾರದು. ನನ್ನ ನಿವೃತ್ತಿಗೆ ಮೂರು ತಿಂಗಳಷ್ಟೇ ಉಳಿದಿತ್ತು. ಆಕೆಯನ್ನು ಗ್ರಂಥಾಲಯದಿಂದ ತೆಗೆದು ಹಾಸ್ಟೆಲಿನ ಉಗ್ರಾಣಕ್ಕೆ ಹಾಕಿದರು, ಬೇಳೆ ಅಕ್ಕಿ ಅಳೆದುಕೊಡಲು. ಹದಿನೈದು ದಿನ ಅಲ್ಲಿ ಕೆಲಸ ಮಾಡಿ ರಾಜೀನಾಮೆ ಕೊಟ್ಟಳು. ಕಾರಣ ಎಂಬ ಜಾಗದಲ್ಲಿ ನಡೆದದ್ದನ್ನೆಲ್ಲ ಬರೆದು, ಸ್ಥಳ ಸಾಲದೆ ಇನ್ನೆರಡು ಹಾಳೆ ಲಗತ್ತಿಸಿದ್ದಳು. ವೈಯಕ್ತಿಕ ಕಾರಣ ಎಂದು ತಿದ್ದಿಕೊಡು ಎಂದು ಹಿಂದಕ್ಕೆ ಕಳಿಸಿದರು. ಆಕೆ ತಿದ್ದದೆ ಅದನ್ನೇ ರಿಜಿಸ್ಟರ್ಡ್ ಪೋಸ್ಟಿನಲ್ಲಿ ಕಳಿಸಿದಳು.

ಅಮರೇಶ್ ತಮ್ಮ ಪ್ರಮಾಣಪತ್ರಗಳನ್ನು ವಾಪಸು ಪಡೆದರು. ಮಾವನ ಮನೆಯವರು ಅವರೊಡನೆ ಮಾತು ಬಿಟ್ಟರೆಂದು ಕೇಳಿದ್ದೇನೆ. ಸಿರುಗುಪ್ಪದ ಒಂದು ಖಾಸಗಿ ಪದವಿ ಕಾಲೇಜಿನಲ್ಲಿ ಗ್ರಂಥಪಾಲಕರ ಹುದ್ದೆ ಖಾಲಿಯಿದೆ ಎಂದು ಪಂಪಾವತಿಗೆ ಫೋನು ಮಾಡಿದವರು ಅವರೇ. ಅಲ್ಲಿನವರಿಗೆ ಒಂದು ಮಾತು ಹೇಳಲೇ ಎಂದೂ ಕೇಳಿದರಂತೆ. ಆಕೆ ಬೇಡವೆಂದು, ತಾನೇ ಅರ್ಜಿ ಹಾಕಿ ಸಂದರ್ಶನಕ್ಕೆ ಹೋದಳು. ಅಲ್ಲೂ ಮೊದಲ ಪ್ರಶ್ನೆ, ಇದು ಆನ್‌ಲೈನಾ ಎಂದೇ. ಆಕೆ ಆದೇಶವನ್ನು ಮುಂದಿಟ್ಟು, ಇದನ್ನು ಓದಿ, ಆಮೇಲೆ ನನ್ನನ್ನು ವಿಷಯದ ಮೇಲೆ ಕೇಳಿ ಎಂದಳಂತೆ. ಅಲ್ಲಿನ ಪ್ರಾಂಶುಪಾಲರು ಓದಿದರು. ಆಮೇಲೆ ಒಂದು ಗಂಟೆ ಕೇಳಿದರು.

ಈಗ ಆಕೆ ಅಲ್ಲಿ ಗ್ರಂಥಪಾಲಕಿ. ಸಂಬಳ ಹೇಳಿಕೊಳ್ಳುವಷ್ಟು ಹೆಚ್ಚಿಲ್ಲ. ಕುರುಗೋಡಿನಿಂದ ದಿನವೂ ಓಡಾಡುವುದು ಆಗದೆ ವಾರದ ದಿನಗಳಲ್ಲಿ ಬಸ್ ನಿಲ್ದಾಣದ ಹತ್ತಿರ ಒಂದು ಕೋಣೆಯಲ್ಲಿರುತ್ತಾಳೆ. ಶನಿವಾರ ಊರಿಗೆ ಹೋಗುತ್ತಾಳೆ. ಮನೆ ಹೀಗೆ ಎರಡಾಯಿತಲ್ಲ ಎಂಬ ನೋವು ಆಕೆಗಿದೆ. ಹುಲುಗೇಶನಿಗೂ ಇದೆ. ನಮ್ಮ ಕಾಲೇಜು ಬೇರೊಬ್ಬರ ಪ್ರಮಾಣಪತ್ರ ತಂದು ಫೈಲಿಗೆ ಸೇರಿಸಿಕೊಂಡಿದೆ. ಗೇಟಿನ ಬ್ಯಾನರು ಹಾಗೇ ಇದೆ, ಪ್ರವೇಶ ಭರ್ತಿಯಾಗಿದೆಯಂತೆ. ನನ್ನ ನಿವೃತ್ತಿಯ ಸಮಾರಂಭದಲ್ಲಿ ದೊಡ್ಡಬಸವರಾಜ ನನ್ನ ಪ್ರಾಮಾಣಿಕತೆಯನ್ನು ಹೊಗಳಿದರು. ಸಭೆ ಚಪ್ಪಾಳೆ ತಟ್ಟಿತು.

ಕಳೆದ ತಿಂಗಳು ಕಂಟೋನ್ಮೆಂಟಿನ ನಮ್ಮ ಮನೆಯಿಂದ ಹೊರಟು ಸಿರುಗುಪ್ಪಕ್ಕೆ ಹೋಗಿ ಆಕೆಯನ್ನು ಕಂಡೆ. ಕ್ಷಮೆ ಕೇಳಬೇಕೆಂದಿದ್ದೆ. ಆಕೆ ಕುರ್ಚಿ ಹಾಕಿದಳು, ಮಜ್ಜಿಗೆ ತರಿಸಿದಳು. ಆಡಳಿತ ಮಂಡಳಿಯ ವಿರುದ್ಧ ಉನ್ನತ ಶಿಕ್ಷಣ ಇಲಾಖೆಗೆ ದೂರು ಕೊಟ್ಟಿದ್ದೇನೆ, ಮೂರು ಸಲ ಜ್ಞಾಪನಾ ಪತ್ರ ಬರೆದರೂ ಉತ್ತರವಿಲ್ಲ, ನಾಲ್ಕನೆಯದು ಬರೆಯುತ್ತಿದ್ದೇನೆ ಎಂದಳು. ನಾನು ಕ್ಷಮೆಯ ಮಾತು ಎತ್ತಿದೆ. ಆಕೆ ಸ್ವಲ್ಪ ಹೊತ್ತು ಕೇಳಿಸಿಕೊಂಡು, "ಅದನ್ನ ನನಗ ಹೇಳಬ್ಯಾಡ್ರಿ ಸರ್. ನೀವು ಏಳು ವರ್ಷ ಏನು ನೋಡೀರಿ, ಅದನ್ನ ಒಂದು ಹಾಳ್ಯಾಗ ಬರದುಕೊಡ್ರಿ, ದೂರಿಗೆ ಹಚ್ಚತೀನಿ" ಎಂದಳು.

ನಾನು ಬರೆದುಕೊಟ್ಟೆ. ಒಂದು ಹಾಳೆ ಸಾಲಲಿಲ್ಲ. ಬರೆದು ಮುಗಿಸುವಷ್ಟರಲ್ಲಿ ಬೆಲ್ ಆಗಿ ಹುಡುಗಿಯರ ಗುಂಪು ಒಳಗೆ ಬಂತು. ಆಕೆ ಹಾಳೆಗಳನ್ನು ತೆಗೆದುಕೊಂಡು ಫೈಲಿಗೆ ಸೇರಿಸಿ, ಅವರ ಕಡೆಗೆ ಎದ್ದು ಹೋದಳು.